ಹುಣಸೆ ಮರದ ತುಂಬ ಬೆಳ್ಳಕ್ಕಿ ಗೂಡು: ಎಷ್ಟು ದಿನ ಇರುತ್ತವೆ, ಮರ ಕಡಿಸಬೇಕಾ?

ಹುಣಸೆಕಟ್ಟೆ (ಜುಲೈ 6)

ಎಲ್ಲರಿಗೂ ನಮಸ್ಕಾರ. ಚನ್ನರಾಯಪಟ್ಟಣದ ಹತ್ತಿರ ನಮ್ಮೂರು. ಮನೆ ಹಿಂದೆ ನಮ್ಮ ಮಾವನವರ ಅಪ್ಪನ ಕಾಲದ ಒಂದು ಹುಣಸೆ ಮರ ಇದೆ. ಪಕ್ಕದಲ್ಲೇ ದನದ ಕೊಟ್ಟಿಗೆ, ಎರಡು ಸೀಮೆ ಹಸು, ಒಂದು ನಾಟಿ ಹಸು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸಾಯಂಕಾಲ ಹತ್ತಿಪ್ಪತ್ತು ಬೆಳ್ಳಕ್ಕಿ ಬಂದು ಮರದ ಮೇಲೆ ಕೂರುತ್ತಿದ್ದವು. ಕೆರೆ ಹತ್ತಿರ ಇದೆಯಲ್ಲ, ರಾತ್ರಿ ತಂಗಲು ಬಂದಿರಬೇಕು ಅಂತ ನಾವೂ ಸುಮ್ನೆ ಇದ್ದೆವು. ಈಗ ನೋಡಿದರೆ ಹಗಲು ಹೊತ್ತೂ ಅಲ್ಲೇ. ಕಡ್ಡಿ ತಂದು ತಂದು ಗೂಡು ಕಟ್ಟಿಬಿಟ್ಟಿವೆ. ನಿನ್ನೆ ಕತ್ತು ನೋಯುವ ತನಕ ಎಣಿಸಿದೆ, ಕೆಳಗಿನಿಂದ ಕಾಣುವುದೇ 34 ಗೂಡು.

ಕಷ್ಟ ಏನು ಅಂದರೆ ಹಿಕ್ಕೆ. ಮರದ ಕೆಳಗೆ ಸುಣ್ಣ ಎರಚಿದ ಹಾಗಾಗಿದೆ. ಬಟ್ಟೆ ಒಣಗಿಸುವ ತಂತಿ ಅಲ್ಲೇ ಇತ್ತು, ಈಗ ಆಗುವುದಿಲ್ಲ. ಮಳೆ ಬಂದು ಬಿಸಿಲು ಬಿದ್ದರೆ ವಾಸನೆ ಅಡುಗೆಮನೆಗೂ ಬರುತ್ತದೆ. ರಾತ್ರಿಯೆಲ್ಲ ಕರ ಕರ ಅಂತ ಸದ್ದು. ಪಕ್ಕದ ಮನೆಯವರು ಕೊಂಬೆ ಕಡಿಸಿಬಿಡಿ ಅಂತ ದಿನಾ ಹೇಳುತ್ತಿದ್ದಾರೆ, ನಮ್ಮೆಜಮಾನ್ರಿಗೂ ಅದೇ ಸರಿ ಅನ್ನಿಸಿದೆ. ಅತ್ತೆ ಮಾತ್ರ ಒಪ್ಪುತ್ತಿಲ್ಲ. ಬಾಣಂತನಕ್ಕೆ ಅಂತ ತವರಿಗೆ ಬಂದ ಹೆಣ್ಣುಮಕ್ಕಳನ್ನು ಯಾರಾದರೂ ಆಚೆಗೆ ಹಾಕುತ್ತಾರಾ ಅಂತ ಕೇಳುತ್ತಾರೆ. ನನಗೆ ಎರಡೂ ಕಡೆ ನಿಜ ಅನ್ನಿಸುತ್ತದೆ.

ಇನ್ನೊಂದು. ಇವು ಯಾವ ಹಕ್ಕಿ? ಬಂದಾಗ ಬಿಳಿ ಇದ್ದವು. ಈಗ ತಲೆ, ಕುತ್ತಿಗೆ, ಬೆನ್ನು ಎಲ್ಲ ಅರಿಶಿನ ಕುಂಕುಮ ಕಲಸಿ ಬಳಿದ ಹಾಗೆ ಕೇಸರಿ ಆಗಿವೆ. ಬೇರೆ ಹಕ್ಕಿ ಬಂದಿವೆಯಾ, ಅಥವಾ ಅವೇ ಬಣ್ಣ ಬದಲಿಸಿದವಾ? ಹೊಲದಲ್ಲಿ ದನದ ಹಿಂದೆ ಓಡಾಡಿ ಉಣ್ಣೆ ತಿನ್ನುವ ಹಕ್ಕಿ ಇದೇನಾ? ಹಾಗಿದ್ದರೆ ನಮ್ಮ ಹಸುಗಳ ಉಣ್ಣೆ ಕಾಟವಾದರೂ ಕಡಿಮೆ ಆಗುತ್ತದೆಯಾ? ಒಟ್ಟು ಎಷ್ಟು ದಿನ ಇರುತ್ತವೆ, ಗೊತ್ತಿದ್ದವರು ಹೇಳಿ.

ಮೇಷ್ಟ್ರು_ಮೈಸೂರು

ಅಕ್ಕ, ಮರ ಕಡಿಸಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಅವು ಗೋವಕ್ಕಿ. ಬಂದವೇ ಬಣ್ಣ ಬದಲಿಸಿವೆ, ಬೇರೆ ಹಕ್ಕಿ ಅಲ್ಲ. ನಾವು ಬಿಳಿ ಇರುವುದನ್ನೆಲ್ಲ ಬೆಳ್ಳಕ್ಕಿ, ಕೊಕ್ಕರೆ ಅಂತ ಒಂದೇ ಹೆಸರಲ್ಲಿ ಕರೆಯುತ್ತೇವೆ, ಆದರೆ ಅದರಲ್ಲಿ ನಾಲ್ಕು ಥರ ಇವೆ. ಕೊಕ್ಕು ಕಪ್ಪು, ಕಾಲು ಕಪ್ಪು, ಕಾಲಿನ ಬೆರಳು ಮಾತ್ರ ಹಳದಿ ಇದ್ದರೆ ಅದು ಚಿಕ್ಕ ಬೆಳ್ಳಕ್ಕಿ, ನೀರಲ್ಲಿ ನಿಂತು ಮೀನು ಹಿಡಿಯುವುದು. ಎತ್ತರಕ್ಕೆ, ಉದ್ದ ಕುತ್ತಿಗೆ ಇರುವುದು ದೊಡ್ಡ ಬೆಳ್ಳಕ್ಕಿ. ಇವೆರಡರ ನಡುವಿನ ಅಳತೆಯದು ಇನ್ನೊಂದು. ಗೋವಕ್ಕಿ ಗಿಡ್ಡ, ಕುತ್ತಿಗೆ ದಪ್ಪ, ಹಳದಿ ಕೊಕ್ಕು, ಗಲ್ಲದ ಕೆಳಗೆ ಸ್ವಲ್ಪ ಊದಿದ ಹಾಗೆ ಕಾಣುತ್ತದೆ. ಅರ್ಧ ಮೀಟರ್ ಉದ್ದ, ತೂಕ ಅರ್ಧ ಕಿಲೋಗಿಂತ ಕಡಿಮೆ. ಮರಿ ಮಾಡುವ ಕಾಲ ಬಂದಾಗ ನೀವು ಹೇಳಿದ ಕೇಸರಿ ಗರಿ ಬರುತ್ತದೆ. ಜೋಡಿ ಕೂಡುವ ಆ ಕೆಲವು ದಿನ ಮಾತ್ರ ಹಳದಿ ಕೊಕ್ಕೂ ಕಾಲೂ ಕೆಂಪಾಗುತ್ತವೆ, ಕಣ್ಣಿನ ಮುಂದಿನ ಚರ್ಮ ನೇರಳೆ ಬೆರೆತ ಗುಲಾಬಿ. ಮೊಟ್ಟೆ ಇಡುವ ಹೊತ್ತಿಗೆ ಆ ಕೆಂಪು ಇಳಿಯಲು ಶುರು. ನಿಮ್ಮ ಮರದಲ್ಲಿ ಇನ್ನೂ ಕೆಂಪು ಕೊಕ್ಕಿನವು ಇವೆಯಾ ನೋಡಿ, ಇದ್ದರೆ ಅವು ಇನ್ನೂ ಮೊಟ್ಟೆ ಇಟ್ಟಿಲ್ಲ ಅಂತ ಅಂದಾಜು ಮಾಡಬಹುದು.

ಗೂಡು ಕಟ್ಟುವುದನ್ನು ದಯವಿಟ್ಟು ಒಂದು ಬೆಳಗ್ಗೆ ಕೂತು ನೋಡಿ. ಗಂಡು ಕಡ್ಡಿ ತರುತ್ತದೆ, ಹೆಣ್ಣು ಇಸಕೊಂಡು ಗೂಡಿಗೆ ಸಿಕ್ಕಿಸುತ್ತದೆ. ಗೂಡಲ್ಲಿ ಯಾರೂ ಇಲ್ಲದ್ದು ಕಂಡರೆ ಪಕ್ಕದ ಗೂಡಿನವು ಬಂದು ಅಲ್ಲಿಂದಲೇ ಕಡ್ಡಿ ಎಳೆದುಕೊಂಡು ಹೋಗಿಬಿಡುತ್ತವೆ. ನಿಮಗೆ ಕೇಳುವ ಕರ ಕರ ಸದ್ದಿನಲ್ಲಿ ಅರ್ಧ ಈ ಕಡ್ಡಿ ಜಗಳದ್ದೇ. ಅದಕ್ಕೇ ಗೂಡಲ್ಲಿ ಒಬ್ಬರಲ್ಲ ಒಬ್ಬರು ಕಾವಲು ಇರಲೇಬೇಕು.

ದಿನದ ಲೆಕ್ಕ ಕೇಳಿದಿರಿ. ಒಂದು ಗೂಡಿಗೆ ಸಾಮಾನ್ಯವಾಗಿ 3–4 ಮೊಟ್ಟೆ, ತಿಳಿನೀಲಿ ಬೆರೆತ ಬಿಳಿ. ಗಂಡು ಹೆಣ್ಣು ಇಬ್ಬರೂ ಸರದಿಯಲ್ಲಿ ಕಾವು ಕೊಡುತ್ತವೆ, ಸುಮಾರು 23 ದಿನ. ಮೊದಲ ಮೊಟ್ಟೆ ಇಟ್ಟ ಕೂಡಲೇ ಕಾವಿಗೆ ಕೂರುತ್ತವೆ, ಆದ್ದರಿಂದ ಮರಿಗಳು ಒಂದೇ ದಿನ ಹೊರಗೆ ಬರುವುದಿಲ್ಲ. ಮೊದಲು ಬಂದದ್ದು ದೊಡ್ಡದು, ಕೊನೆಯದು ತೀರಾ ಚಿಕ್ಕದು. ತಾಯಿ ತಂದೆ ತಂದ ಊಟಕ್ಕೆ ಹೊಡೆದಾಟ ನಡೆಯುತ್ತದೆ, ಊಟ ಕಡಿಮೆ ಇದ್ದ ವರ್ಷ ಆ ಚಿಕ್ಕದು ಉಳಿಯುವುದಿಲ್ಲ. ನೋಡಲು ಸಂಕಟ ಆಗುತ್ತದೆ. ಎರಡು ಮೂರು ವಾರಕ್ಕೆ ಮರಿಗಳು ಗೂಡು ಬಿಟ್ಟು ಕೊಂಬೆ ಮೇಲೆ ತೆವಳಾಡುತ್ತವೆ, ಸುಮಾರು 30 ದಿನಕ್ಕೆ ಹಾರಲು ಕಲಿಯುತ್ತವೆ, 45 ದಿನಕ್ಕೆ ತಮ್ಮ ಹೊಟ್ಟೆ ತಾವೇ ನೋಡಿಕೊಳ್ಳುತ್ತವೆ. ಅಂದರೆ ಮೊಟ್ಟೆ ಇಟ್ಟ ದಿನದಿಂದ ಹತ್ತು ವಾರ ಅಂತ ಇಟ್ಟುಕೊಳ್ಳಿ. ಎಲ್ಲ ಜೋಡಿಯೂ ಒಂದೇ ದಿನ ಶುರು ಮಾಡುವುದಿಲ್ಲ, ಹಾಗಾಗಿ ಸೆಪ್ಟೆಂಬರ್ ಕೊನೆಯ ತನಕ ನಿಮ್ಮ ಮರದಲ್ಲಿ ಸಂಸಾರ ಇದ್ದೇ ಇರುತ್ತದೆ.

ಮತ್ತೆ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಈ ಹಕ್ಕಿಯನ್ನು ಕೊಲ್ಲುವುದು, ಗೂಡು ಮೊಟ್ಟೆ ಹಾಳು ಮಾಡುವುದು ಅಪರಾಧ. ಮರ ಕಡಿಸಲು ನಮ್ಮ ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಬೇರೆ ಇದೆ, ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಕೊಡಲಿ ಹಾಕಬೇಡಿ. ಹೆದರಿಸಲು ಹೇಳುತ್ತಿಲ್ಲ. ಪಕ್ಕದ ಮನೆಯವರಿಗೆ ಹೇಳಲು ನಿಮಗೆ ಒಂದು ಮಾತು ಇರಲಿ ಅಂತ.

ನಿಮ್ಮ ಅತ್ತೆ ಆಡಿದ ಮಾತು ನಾನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲೂ ಕೇಳಿದ್ದೇನೆ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಊರ ನಡುವಿನ ಹುಣಸೆ, ಆಲ, ಅರಳಿ ಮರದಲ್ಲೇ ಗೂಡು ಕಟ್ಟುತ್ತವೆ. ಜನ ಕೆರೆಯ ಗೋಡುಮಣ್ಣನ್ನು ಮರದ ಕೆಳಗೆ ಹರಡಿ, ಹಿಕ್ಕೆ ಬಿದ್ದ ಮೇಲೆ ಅದನ್ನೇ ಹೊಲಕ್ಕೆ ಹೊಡೆಯುವ ರೂಢಿ ಇದೆ. ನೀವೂ ಮರದ ಕೆಳಗೆ ಒಣಗಿದ ತರಗೆಲೆ, ಕೆರೆಮಣ್ಣು ಹರಡಿ. ವಾರಕ್ಕೊಮ್ಮೆ ಮೇಲೊಂದು ಪದರ ಹಾಕಿ. ವಾಸನೆ ಅರ್ಧಕ್ಕರ್ಧ ಇಳಿಯುತ್ತದೆ. ಹಸಿ ಹಿಕ್ಕೆಯನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಬೇಡಿ, ತುಂಬ ಕಾವು, ಬೇರು ಸುಡುತ್ತದೆ. ತಿಪ್ಪೆಯಲ್ಲಿ ಕಳಿತ ಮೇಲೆ ಹಾಕಿ. ಒಣಗಿದ್ದನ್ನು ಗುಡಿಸುವಾಗ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬಾವಿ, ನೀರಿನ ತೊಟ್ಟಿ ಮರದ ಕೆಳಗಿದ್ದರೆ ಮುಚ್ಚಿ.

ದನದ_ಡಾಕ್ಟ್ರು

ಉಣ್ಣೆ ವಿಷಯಕ್ಕೆ ಮಾತ್ರ ಉತ್ತರ ಕೊಡುತ್ತೇನೆ. ನಮ್ಮ ಶಿವಮೊಗ್ಗ ಕಡೆ ಉಣುಗು ಅಂತೀವಿ.

ಗೋವಕ್ಕಿ ಉಣುಗು ತಿನ್ನುತ್ತದೆ, ಸುಳ್ಳಲ್ಲ. ಆದರೆ ಅದರ ಹೊಟ್ಟೆ ತುಂಬುವುದು ಉಣುಗಿನಿಂದ ಅಲ್ಲ. ಮಿಡತೆ, ಜೀರುಂಡೆ, ನೊಣ, ಪತಂಗ, ಜೇಡ, ಸಣ್ಣ ಕಪ್ಪೆ, ಎರೆಹುಳು ಇವೇ ಮುಖ್ಯ ಊಟ. ಹಸು ಮೇಯುತ್ತಾ ಹೆಜ್ಜೆ ಹಾಕಿದಾಗ ಹುಲ್ಲಿನೊಳಗೆ ಅಡಗಿದ ಮಿಡತೆ ಎಗರುತ್ತದಲ್ಲ, ಅದಕ್ಕಾಗಿ ಹಸುವಿನ ಜೊತೆ ಬರುತ್ತದೆ. ಗಮನಿಸಿ ನೋಡಿ, ಅದು ನಿಲ್ಲುವ ಜಾಗ ಹಸುವಿನ ಬೆನ್ನಲ್ಲ, ಮುಂಗಾಲು ಮತ್ತು ಮೂತಿಯ ಪಕ್ಕ. ಆ ಜಾಗಕ್ಕೆ ಇನ್ನೊಂದು ಗೋವಕ್ಕಿ ಬಂದರೆ ಗರಿ ಕೆದರಿ ಓಡಿಸುತ್ತದೆ. ಒಬ್ಬಂಟಿಯಾಗಿ ಹುಡುಕುವುದಕ್ಕಿಂತ ದನದ ಜೊತೆಗಿದ್ದರೆ ಕಡಿಮೆ ಹೆಜ್ಜೆಗೆ ಜಾಸ್ತಿ ಊಟ ಸಿಗುತ್ತದೆ. ತೀರಾ ಜೋರಾಗಿ ನಡೆಯುವ ದನವೂ ಅದಕ್ಕೆ ಬೇಡ, ಮಲಗಿ ಮೆಲುಕು ಹಾಕುವುದೂ ಬೇಡ.

ಉಣುಗು ಎಲ್ಲಿ ಕಚ್ಚುತ್ತದೆ? ಕೆಚ್ಚಲ ಸಂದಿ, ಗಂಗೆದೊಗಲು, ಕಿವಿಯ ಒಳಗೆ, ಬಾಲದ ಬುಡ. ಅಲ್ಲಿಗೆಲ್ಲ ಹಕ್ಕಿ ಕೊಕ್ಕು ಹಾಕುವುದಿಲ್ಲ. ಹೊಟ್ಟೆ ತುಂಬಿದ ಹೆಣ್ಣು ಉಣುಗು ಉದುರಿ ಕೊಟ್ಟಿಗೆಯ ಗೋಡೆ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಿಮ್ಮ ಸೀಮೆ ಹಸು ಹಗಲೆಲ್ಲ ಕೊಟ್ಟಿಗೆಯಲ್ಲೇ ಕಟ್ಟಿ ಹಾಕಿದ್ದು ಅಲ್ವಾ? ಮರದ ಮೇಲೆ 34 ಗೂಡು ಇದ್ದರೂ ಅವಕ್ಕೆ ಅದರಿಂದ ಏನೂ ಸಿಗುವುದಿಲ್ಲ. ಬಿರುಕು ಮುಚ್ಚಿ ಸುಣ್ಣ ಹೊಡೆಯಿರಿ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಔಷಧಿ ಹಚ್ಚಿ. ಸೀಮೆ ಹಸುವಿಗೆ ಉಣುಗಿನಿಂದ ಬರುವ ಥೈಲೇರಿಯ ಜ್ವರ ತುಂಬ ಕೆಟ್ಟದ್ದು, ಹಕ್ಕಿ ನೋಡಿಕೊಳ್ಳುತ್ತದೆ ಅಂತ ಬಿಡಬೇಡಿ. ಆದರೆ ನೊಣ, ಮಿಡತೆ ಲೆಕ್ಕದಲ್ಲಿ ಈ ಹಕ್ಕಿ ನಿಮ್ಮ ಹೊಲಕ್ಕೆ ದೊಡ್ಡ ಉಪಕಾರಿ.

ಒಂದೇ ಸಲ ನಾಲ್ಕಾರು ದೊಡ್ಡ ಹಕ್ಕಿಗಳು ಸತ್ತು ಬಿದ್ದರೆ ಮಾತ್ರ ಕೈಯಲ್ಲಿ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಿ. ಒಂದೆರಡು ಮರಿ ಬೀಳುವುದು ಗೂಡಿನ ಮರದಲ್ಲಿ ಮಾಮೂಲು, ಅದಕ್ಕೆ ಗಾಬರಿ ಬೇಡ.

ಗದ್ದೆಬದು

ನಾನು ದಾವಣಗೆರೆ ಕಡೆ ಭದ್ರಾ ನಾಲೆ ಕೆಳಗಿನ ರೈತ. ಡಾಕ್ಟ್ರು ಹೇಳಿದ್ದು ಖರೆ, ದನಕ್ಕಿಂತ ಈಗ ಟ್ರ್ಯಾಕ್ಟರ್ ಹಿಂದೆ ಜಾಸ್ತಿ ಬರುತ್ತವೆ. ಕೇಜ್ ವೀಲ್ ಹಾಕಿ ಗದ್ದೆ ಕೆಸರು ಹೊಡೆಯುವಾಗ ನೋಡಬೇಕು. ಎಂಜಿನ್ ಸದ್ದು ಕೇಳಿಯೇ ಎಲ್ಲಿದ್ದರೂ ಬಂದುಬಿಡುತ್ತವೆ ಅನ್ನಿಸುತ್ತದೆ. ಹೋದ ತಿಂಗಳು ಒಂದೆಕರೆ ಹೊಡೆಯುವಷ್ಟರಲ್ಲಿ ನೂರರ ಮೇಲೆ ಇದ್ದವು. ಗಾಲಿಗೆ ಒಂದು ಮೊಳ ದೂರದಲ್ಲಿ ಓಡುತ್ತಾ ಬರುತ್ತವೆ, ಕೆಸರು ತಿರುಗಿ ಬಿದ್ದ ಕ್ಷಣಕ್ಕೆ ಒಂದು ಕುಟುಕು, ಮತ್ತೆ ಓಟ. ತಿರುವಿನಲ್ಲಿ ಎಲ್ಲಿ ಗಾಲಿಗೆ ಸಿಕ್ಕಿಬಿಡುತ್ತದೋ ಅಂತ ನನ್ನ ಎದೆ ಹೊಡೆದುಕೊಳ್ಳುತ್ತದೆ, ಇಷ್ಟು ವರ್ಷದಲ್ಲಿ ಒಂದೂ ಸಿಕ್ಕಿಲ್ಲ.

ಅದು ಮಿಡತೆ ಹಿಡಿಯುವ ರೀತಿ ಬದುವಿನ ಮೇಲೆ ಬುತ್ತಿ ಬಿಚ್ಚಿ ಕೂತಾಗ ನೋಡಿದ್ದೇನೆ. ಎರಡು ಹೆಜ್ಜೆ ಬೇಗ, ಆಮೇಲೆ ನಿಂತುಬಿಡುತ್ತದೆ. ಮೈ ಅಲುಗುವುದಿಲ್ಲ. ಕುತ್ತಿಗೆ ಒಂದೇ ಆ ಕಡೆ ಈ ಕಡೆ ತೂಗುತ್ತದೆ, ಬುಟ್ಟಿಯಿಂದ ಎದ್ದ ಹಾವಿನ ಹಾಗೆ. ಹುಲ್ಲಿನಲ್ಲಿ ನನಗೆ ಏನೂ ಕಾಣದು. ಟಕ್ ಅಂತ ಕೊಕ್ಕು ಇಳಿಯಿತು, ಎತ್ತಿದಾಗ ಮಿಡತೆಯ ಹಿಂಗಾಲು ಕೊಕ್ಕಿನ ಆಚೆ ಒದ್ದಾಡುತ್ತಿತ್ತು. ತಲೆ ಹಿಂದಕ್ಕೆ ಎಸೆದು ನುಂಗಿತು. ಗಂಟಲಲ್ಲಿ ಇಳಿಯುವುದು ಹೊರಗಿನಿಂದಲೇ ಕಾಣಿಸುತ್ತಿತ್ತು.

ನಮ್ಮಪ್ಪನ ಕಾಲದಲ್ಲಿ ಊರ ಗೋಮಾಳಕ್ಕೆ ಮುನ್ನೂರು ದನ ಹೋಗುತ್ತಿದ್ದವು, ಸಂಜೆ ದನದ ಸಾಲು ಊರಿಗೆ, ಅದೇ ಹೊತ್ತಿಗೆ ಬೆಳ್ಳಕ್ಕಿ ಸಾಲು ಕೆರೆ ಕಡೆಗೆ. ನಾವು ಹುಡುಗರು ಕೈ ಎತ್ತಿ ಉಗುರು ತೋರಿಸಿ ಕೂಗುತ್ತಿದ್ದೆವು, ಉಗುರಿನ ಮೇಲೆ ಬಿಳಿ ಚುಕ್ಕೆ ಮೂಡಿದರೆ ಬೆಳ್ಳಕ್ಕಿ ಕೊಟ್ಟಿತು ಅಂತ ನಂಬಿಕೆ. ಈಗ ಗೋಮಾಳವೂ ಇಲ್ಲ, ಮನೆಗೊಂದು ಎರಡು ಹಸು, ಅವೂ ಕಟ್ಟಿದ ಜಾಗ ಬಿಟ್ಟು ಏಳುವುದಿಲ್ಲ. ಹಕ್ಕಿ ಮಾತ್ರ ಹೇಗೋ ಒಗ್ಗಿಕೊಂಡಿದೆ. ಟ್ರ್ಯಾಕ್ಟರ್, ಟಿಲ್ಲರ್, ಜೆಸಿಬಿ ಮಣ್ಣು ತೆಗೆಯುವ ಕಡೆ, ಪಟ್ಟಣದ ಕಸದ ಗುಡ್ಡೆ, ಎಲ್ಲ ಕಡೆ ಇದೆ. ಕಸದ ಗುಡ್ಡೆಯಲ್ಲಿ ನೋಡಿದಾಗ ಮನಸ್ಸಿಗೆ ಒಂಥರಾ ಆಗುತ್ತದೆ.

ಅಕ್ಕ, ನಿಮ್ಮ ಹೊಲದಲ್ಲಿ ಹುಳ ಸಾಯಿಸುವ ಹರಳು ರೂಪದ ಔಷಧಿ ಹಾಕುವುದಿದ್ದರೆ ಈ ಮೂರು ತಿಂಗಳು ಯೋಚನೆ ಮಾಡಿ ಹಾಕಿ. ಐದಾರು ವರ್ಷದ ಹಿಂದೆ ನಾನೇ ಕಾಂಡಕೊರಕಕ್ಕೆ ಅಂತ ಹಾಕಿದ್ದೆ, ಅಂಗಡಿಯವರು ಕೊಟ್ಟಿದ್ದು. ಮಾರನೆಯ ದಿನ ಬದುವಿನ ಮೇಲೆ ನಾಲ್ಕು ಗೋವಕ್ಕಿ ರೆಕ್ಕೆ ಹರಡಿ ಬಿದ್ದಿದ್ದವು. ಅವತ್ತು ಗೂಡಿನ ಕಾಲ. ಆ ನಾಲ್ಕರ ಮರಿ ಎಲ್ಲಿದ್ದವೋ ಏನಾದವೋ. ಅದಾದ ಮೇಲೆ ನಾನು ಅದನ್ನು ಗದ್ದೆಗೆ ತಂದಿಲ್ಲ.

ಬೀದಿಮರ_ಬೆಂಗಳೂರು

ನಾನು ಒಂದು ಮಾತು ಹೇಳಲೇಬೇಕು. ನಾವಿರುವ ಬೀದಿಯಲ್ಲಿ ದೊಡ್ಡ ಮಳೆಮರ ಇತ್ತು, ಅದರ ತುಂಬ ಇದೇ ಹಕ್ಕಿ ಗೂಡು. ಕಾರಿನ ಮೇಲೆ ಹಿಕ್ಕೆ ಬೀಳುತ್ತದೆ ಅಂತ ಯಾರೋ ದೂರು ಕೊಟ್ಟರು, ಒಂದು ಬೆಳಗ್ಗೆ ಆಳುಗಳು ಬಂದು ಕೊಂಬೆ ಕತ್ತರಿಸಿದರು. ಮೇಲೆ ಮರಿ ಇವೆಯಾ ಅಂತ ಯಾರೂ ನೋಡಲಿಲ್ಲ. ನಾನು ಸದ್ದು ಕೇಳಿ ಕೆಳಗೆ ಓಡಿ ಬರುವಷ್ಟರಲ್ಲಿ ರಸ್ತೆ ತುಂಬ ಮರಿಗಳು. ಇನ್ನೂ ಗರಿ ಬಂದಿರಲಿಲ್ಲ, ತಲೆ ಮೇಲೆ ಬಿಳಿ ನೂಲಿನಂಥ ಕೂದಲು. ಕಾಂಪೌಂಡಿನ ಹುಡುಗರೆಲ್ಲ ಸೇರಿ ರಟ್ಟಿನ ಡಬ್ಬದಲ್ಲಿ 19 ಮರಿ ಎತ್ತಿಕೊಂಡೆವು, ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೆ ತಲುಪಿಸುವ ಹೊತ್ತಿಗೆ 11 ಉಳಿದಿದ್ದವು. ದೊಡ್ಡ ಹಕ್ಕಿಗಳು ಎರಡು ದಿನ ಆ ಖಾಲಿ ಜಾಗದ ಮೇಲೆ ಸುತ್ತು ಹಾಕುತ್ತಿದ್ದವು.

ಕೊಂಬೆ ಕಡಿಯಲೇಬೇಕು ಅಂತಿದ್ದರೆ ಬೇಸಿಗೆ ಬರಲಿ, ಗೂಡು ಖಾಲಿ ಆಗಲಿ. ಈಗ ಬೇಡ, ದಯವಿಟ್ಟು.

ಹುಣಸೆಕಟ್ಟೆ (ಜುಲೈ 29)

ಎಲ್ಲರಿಗೂ ಕೈ ಮುಗಿಯುತ್ತೇನೆ. ಕೊನೆಯವರು ಬರೆದದ್ದನ್ನು ನಮ್ಮೆಜಮಾನ್ರಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಮಾರನೆಯ ದಿನ ಬಟ್ಟೆ ತಂತಿ ಬಿಚ್ಚಿ ಮನೆ ಮುಂದೆ ಕಟ್ಟಿದರು. ಕೆರೆಮಣ್ಣು ಎರಡು ಗಾಡಿ ಹೊಡೆಸಿ ಹರಡಿದ್ದೇವೆ. ವಾಸನೆ ಪೂರ್ತಿ ಹೋಗಿಲ್ಲ, ತಡೆದುಕೊಳ್ಳುವ ಹಾಗಿದೆ.

ಮರಿ ಆಗಿವೆ! ಮೊಟ್ಟೆ ಚಿಪ್ಪು ಕೆಳಗೆ ಬಿದ್ದಿತ್ತು, ಮೇಷ್ಟ್ರು ಹೇಳಿದ ಬಣ್ಣವೇ. ಆದರೆ ಇವತ್ತು ಬೆಳಗ್ಗೆ ಒಂದು ಮರಿ ಬಿದ್ದಿದೆ. ಮಣ್ಣು ಮೆತ್ತಗಿದ್ದದ್ದಕ್ಕೆ ಪೆಟ್ಟಾಗಿಲ್ಲ. ತಾಯಿ ಕೆಳಗೆ ಬರುತ್ತದೇನೋ ಅಂತ ಒಂದು ಗಂಟೆ ಕಾದೆ, ಬರಲಿಲ್ಲ. ಈಗ ಕುಕ್ಕೆ ಕೆಳಗೆ ಮುಚ್ಚಿಟ್ಟಿದ್ದೇನೆ. ಏನು ಮಾಡಲಿ? ಮತ್ತೆ ಅದರ ಕೊಕ್ಕು ಕಪ್ಪಗಿದೆ, ಗೋವಕ್ಕಿಯದೇ ಹೌದಾ?

ಮೇಷ್ಟ್ರು_ಮೈಸೂರು

ಕೊಕ್ಕು ಕಪ್ಪಗಿದ್ದರೂ ಗೋವಕ್ಕಿಯದೇ ಇರಬಹುದು. ಬೆಳೆಯುವಾಗ ಮರಿಯ ಕೊಕ್ಕು ಕಪ್ಪಾಗಿರುವ ಕಾಲ ಒಂದಿದೆ, ಆಮೇಲೆ ಬುಡದಿಂದ ಹಳದಿಗೆ ತಿರುಗುತ್ತದೆ. ನಿಮ್ಮ ಮರದಲ್ಲಿ ಬೇರೆ ಬೆಳ್ಳಕ್ಕಿ ಗೂಡಿಲ್ಲ ಅಂದರೆ ಅನುಮಾನವೇ ಬೇಡ.

ಕಾಯಬೇಡಿ. ಗುಂಪಲ್ಲಿ ಗೂಡು ಕಟ್ಟುವ ಈ ಹಕ್ಕಿಗಳು ನೆಲಕ್ಕೆ ಬಿದ್ದ ಮರಿಗೆ ಸಾಮಾನ್ಯವಾಗಿ ಕೆಳಗಿಳಿದು ಊಟ ಕೊಡುವುದಿಲ್ಲ. ಮರ ಹತ್ತಲು ಬಲ್ಲವರು ಇದ್ದರೆ, ಮರಿ ಬಿದ್ದ ಜಾಗದ ನೇರ ಮೇಲಿನ ಗೂಡಿನಲ್ಲಿ ಅದೇ ಅಳತೆಯ ಮರಿ ಇದೆಯಾ ನೋಡಿ ಅಲ್ಲಿಗೆ ಸೇರಿಸಲಿ. ನಮ್ಮ ಕೈ ಸೋಕಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು. ಹತ್ತುವವರು ಬೇಗ ಇಳಿಯಬೇಕು, ಹೊತ್ತು ಮಾಡಿದರೆ ಬೇರೆ ಮರಿಗಳು ಹೆದರಿ ಅಂಚಿಗೆ ಬರುತ್ತವೆ, ಕಾಗೆ ನುಗ್ಗುತ್ತದೆ. ಹಿಡಿಯುವಾಗ ಮುಖ ದೂರ ಇರಲಿ, ಎಷ್ಟು ಸಣ್ಣದಾದರೂ ಕಣ್ಣಿಗೇ ಕುಟುಕುತ್ತದೆ. ಹೆದರಿದ ಮರಿ ತಿಂದದ್ದನ್ನೆಲ್ಲ ವಾಂತಿ ಮಾಡುತ್ತದೆ, ಅದು ರೋಗ ಅಲ್ಲ. ಹಾಲು, ಅನ್ನ ಏನೂ ಹಾಕಬೇಡಿ, ಬಾಯಿಗೆ ನೀರೂ ಸುರಿಯಬೇಡಿ.

ಮೇಲೆ ಇಡಲು ಆಗದೇ ಹೋದರೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ. ಕೊಕ್ಕರೆ ಬೆಳ್ಳೂರಲ್ಲಿ ಬಿದ್ದ ಮರಿಗಳನ್ನು ಬಲೆಯ ಆವರಣದಲ್ಲಿಟ್ಟು ಸಾಕಿ ಹಾರಿಬಿಡುವ ಕೆಲಸವನ್ನು ಊರಿನ ಹೆಜ್ಜಾರ್ಲೆ ಬಳಗದವರು ವರ್ಷಗಟ್ಟಲೆ ಮಾಡಿದ್ದಾರೆ. ಮನುಷ್ಯರ ಕೈಯಲ್ಲಿ ಬದುಕುತ್ತವೆ, ಆದರೆ ದಿನಕ್ಕೆ ಹಲವು ಸಲ ಊಟ, ಬೇರೆ ಕೆಲಸ ಮಾಡಲು ಬಿಡುವುದಿಲ್ಲ. ಗೂಡಿಗೆ ಸೇರಿಸುವುದೇ ಒಳ್ಳೆಯದು.

ದೂರದ_ಕನ್ನಡಿಗ

ಫ್ಲೋರಿಡಾದಿಂದ ಬರೆಯುತ್ತಿದ್ದೇನೆ. ಹುಟ್ಟಿದ್ದು ಹಾಸನದಲ್ಲೇ. ಇಲ್ಲಿಗೆ ಬಂದ ಹೊಸತರಲ್ಲಿ ಯಾವುದೂ ನಮ್ಮದು ಅನ್ನಿಸುತ್ತಿರಲಿಲ್ಲ. ಒಂದು ದಿನ ಆಫೀಸಿನ ಮುಂದೆ ಹುಲ್ಲು ಕತ್ತರಿಸುವ ಗಾಡಿ ಹೋಗುತ್ತಿದೆ, ಅದರ ಹಿಂದೆ ಆರು ಗೋವಕ್ಕಿ ಸಾಲಾಗಿ ಓಡುತ್ತಿವೆ! ಊರಲ್ಲಿ ನಮ್ಮ ಎಮ್ಮೆ ಹಿಂದೆ ಹೋಗುತ್ತಿದ್ದ ಅದೇ ನಡಿಗೆ. ಅಲ್ಲೇ ನಿಂತುಬಿಟ್ಟೆ.

ಆಮೇಲೆ ಓದಿ ತಿಳಿದುಕೊಂಡೆ. ಈ ಹಕ್ಕಿ ಅಮೆರಿಕದ್ದಲ್ಲ. ಆಫ್ರಿಕಾದಿಂದ ಅಟ್ಲಾಂಟಿಕ್ ಸಮುದ್ರ ದಾಟಿ ತಾನಾಗಿ ಬಂದದ್ದು. ದಕ್ಷಿಣ ಅಮೆರಿಕದ ಉತ್ತರದ ಕರಾವಳಿಯಲ್ಲಿ 1877ರ ಸುಮಾರಿಗೆ ಮೊದಲು ಕಂಡಿತು. ಫ್ಲೋರಿಡಾಕ್ಕೆ 1941ರ ಹೊತ್ತಿಗೆ, ಇಲ್ಲಿ ಗೂಡು ಕಟ್ಟಿದ್ದು ಗೊತ್ತಾದದ್ದು 1953ರಲ್ಲಿ. ಕಾಡು ಕಡಿದು ದನಕ್ಕೆ ಹುಲ್ಲುಗಾವಲು ಮಾಡುತ್ತಾ ಹೋದ ಹಾಗೆಲ್ಲ ಇದೂ ಹಿಂದೆಯೇ ಹೋಯಿತು. ಒಂದು ಸಣ್ಣ ಹಕ್ಕಿ ಯಾರ ಸಹಾಯವೂ ಇಲ್ಲದೆ ಸಮುದ್ರ ದಾಟಿ ಊರು ಮಾಡಿಕೊಂಡಿದೆ ಅನ್ನುವುದು ನನಗೆ ಇವತ್ತಿಗೂ ದೊಡ್ಡ ವಿಷಯ.

ಆದರೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದೇ ಅಲ್ಲ. ಇಲ್ಲಿನದಕ್ಕೆ ಮರಿ ಮಾಡುವ ಕಾಲದಲ್ಲಿ ನೆತ್ತಿ, ಎದೆ, ಬೆನ್ನಿನ ಮೇಲೆ ಮಾತ್ರ ಕೇಸರಿ ತೇಪೆ. ನಮ್ಮೂರಿನದಕ್ಕೆ ತಲೆ, ಕೆನ್ನೆ, ಕುತ್ತಿಗೆ ಪೂರ್ತಿ ಕೇಸರಿ, ಅಕ್ಕ ಬರೆದ ಹಾಗೆ. ಈಗ ತಿಳಿದವರು ಇವನ್ನು ಪಶ್ಚಿಮದ ಗೋವಕ್ಕಿ, ಪೂರ್ವದ ಗೋವಕ್ಕಿ ಅಂತ ಎರಡು ಬೇರೆ ಹಕ್ಕಿಗಳಾಗಿ ಎಣಿಸುತ್ತಾರೆ. ಪೂರ್ವದ್ದರ ವೈಜ್ಞಾನಿಕ ಹೆಸರಲ್ಲಿ ಬಹುಕಾಲ ಇದ್ದ ಕೊರೊಮಾಂಡಸ್ ಅನ್ನುವುದು ನಮ್ಮ ಕೋರಮಂಡಲ ಕರಾವಳಿಯ ಹೆಸರೇ. ಅದರ ಜೊತೆಗಿದ್ದ ಕುಲದ ಹೆಸರು ಬುಬುಲ್ಕಸ್, ಲ್ಯಾಟಿನ್‌ನಲ್ಲಿ ದನ ಕಾಯುವವನು ಅಂತ. ನಾವು ಗೋವಕ್ಕಿ ಅಂದಿದ್ದೂ ಅದೇ ಅಲ್ವಾ?

ಉಣ್ಣೆ ಮಾತು ಬಂತಲ್ಲ, ಹವಾಯಿ ದ್ವೀಪಕ್ಕೆ 1959ರಲ್ಲಿ ದನದ ನೊಣ ತಿನ್ನಲಿ ಅಂತ ಸರ್ಕಾರವೇ ಈ ಹಕ್ಕಿಯನ್ನು ತಂದು ಬಿಟ್ಟಿತ್ತು. ಅಲ್ಲಿ ಅದು ಬೇರೆ ಹಕ್ಕಿಗಳ ಮರಿ ತಿನ್ನಲು ಶುರು ಮಾಡಿ ಈಗ ತೊಂದರೆಯಾಗಿದೆ. ಅದರ ತಪ್ಪಲ್ಲ, ಸಿಕ್ಕಿದ್ದು ತಿನ್ನುವ ಹಕ್ಕಿ, ತಂದವರು ಯೋಚಿಸಬೇಕಿತ್ತು. ನಿಮ್ಮ ಹುಣಸೆ ಮರಕ್ಕೆ ಬಂದದ್ದು ತಾನಾಗಿ ಬಂದದ್ದು, ಅದರ ಜಾಗಕ್ಕೇ ಬಂದದ್ದು. ಅಕ್ಕ, ಸಾಧ್ಯವಾದರೆ ಒಂದು ಫೋಟೋ ಹಾಕಿ. ನಮ್ಮ ಅಮ್ಮನಿಗೆ ತೋರಿಸುತ್ತೇನೆ, ಇಲ್ಲಿಗೆ ಬಂದಿದ್ದಾರೆ.

ಹುಣಸೆಕಟ್ಟೆ (ಸೆಪ್ಟೆಂಬರ್ 21)

ತಡವಾಯಿತು, ಕ್ಷಮಿಸಿ. ಕಳೆ ಕೆಲಸ ಇತ್ತು.

ಆ ಮರಿಯನ್ನು ತೆಂಗಿನಕಾಯಿ ಕೀಳುವ ಹುಡುಗ ಹತ್ತಿ ಗೂಡಿಗೆ ಇಟ್ಟ. ಸರಿಯಾದ ಗೂಡೋ ಅಲ್ಲವೋ ಗೊತ್ತಿಲ್ಲ, ಅಲ್ಲಿ ಎರಡು ಮರಿ ಇದ್ದವಂತೆ. ಅವನ ಅಂಗಿ ಮೇಲೆ ಪೂರ್ತಿ ವಾಂತಿ, ಅರ್ಧ ಅರೆದ ಮಿಡತೆ, ಒಂದು ಪುಟ್ಟ ಕಪ್ಪೆ. ಸಾಯಂಕಾಲ ದೊಡ್ಡದೊಂದು ಬಂತು. ಮೂರೂ ಮರಿ ಎದ್ದು ನಿಂತು ಅದರ ಕೊಕ್ಕನ್ನೇ ಅಡ್ಡಕ್ಕೆ ಹಿಡಿದು ಎಳೆದಾಡಿದವು, ಕತ್ತರಿಯಲ್ಲಿ ಹಿಡಿದ ಹಾಗೆ. ಅದು ತಲೆ ಬಗ್ಗಿಸಿ ಕಕ್ಕಿತು. ಮೂರಕ್ಕೂ ಸಿಕ್ಕಿತು. ಅತ್ತೆ ಕೆಳಗೆ ನಿಂತು ನೋಡುತ್ತಿದ್ದವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಅದಾದ ಮೇಲೆ ಇನ್ನೂ ಐದು ಬಿದ್ದವು. ಎರಡನ್ನು ಮೇಲೆ ಇಟ್ಟೆವು, ಮೂರು ಉಳಿಯಲಿಲ್ಲ.

ಈಗ ಮರದಲ್ಲಿ ಏಳೆಂಟು ಗೂಡಲ್ಲಿ ಮಾತ್ರ ಮರಿ ಇವೆ. ಉಳಿದವೆಲ್ಲ ಹಾರುತ್ತವೆ. ಮೊದಮೊದಲು ಕೊಂಬೆಯಿಂದ ಕೊಂಬೆಗೆ, ಆಮೇಲೆ ಕೊಟ್ಟಿಗೆ ಹೆಂಚಿನ ಮೇಲೆ. ಹೆಂಚಿನ ಮೇಲೆ ಜಾರಿ ಜಾರಿ ಬೀಳುತ್ತಿದ್ದವು. ಕೇಸರಿ ಬಣ್ಣ ದೊಡ್ಡವಕ್ಕೂ ಮಾಸಿದೆ, ಮರಿಗಳು ಪೂರ್ತಿ ಬಿಳಿ. ಕೊಕ್ಕು ಬುಡದಲ್ಲಿ ಹಳದಿ ಆಗಿದೆ ಮೇಷ್ಟ್ರೇ, ನೀವು ಹೇಳಿದ ಹಾಗೆ.

ಡಾಕ್ಟ್ರೇ, ಕೊಟ್ಟಿಗೆ ಗೋಡೆ ಬಿರುಕಿಗೆ ಸಿಮೆಂಟ್ ಹಾಕಿಸಿ ಸುಣ್ಣ ಹೊಡೆಸಿದೆವು, ಔಷಧಿಯನ್ನೂ ಹಚ್ಚಿದೆವು. ಉಣ್ಣೆ ಕಡಿಮೆ ಆಗಿದೆ. ನಾಟಿ ಹಸುವನ್ನು ನಾನೇ ಈಗ ದಿನಾ ಬೆಳಗ್ಗೆ ಕೆರೆ ಏರಿ ಕೆಳಗೆ ಮೇಯಲು ಹೊಡೆದುಕೊಂಡು ಹೋಗುತ್ತೇನೆ. ಹುಲ್ಲಿಗೆ ಕಾಲಿಟ್ಟ ಐದು ನಿಮಿಷಕ್ಕೆ ಒಂದೆರಡು ಎಳೆಯವು ಬಂದು ಅದರ ಮೂತಿ ಹತ್ತಿರ ನಿಲ್ಲುತ್ತವೆ. ಇನ್ನೂ ಸರಿಯಾಗಿ ಹಿಡಿಯಲು ಬರುವುದಿಲ್ಲ, ಹತ್ತು ಸಲ ಕುಟುಕಿದರೆ ಒಂದು ಸಿಗುತ್ತದೇನೋ. ಹಸು ತಲೆ ಎತ್ತಿದರೆ ಬೆದರಿ ನಾಲ್ಕು ಹೆಜ್ಜೆ ಹಿಂದಕ್ಕೆ ಓಡುತ್ತವೆ, ಮತ್ತೆ ಬರುತ್ತವೆ.

ಪಕ್ಕದ ಮನೆಯವರು ಗೊಬ್ಬರ ಎರಡು ಬುಟ್ಟಿ ಕೇಳಿದ್ದಾರೆ. ಕಳಿಯಲಿ, ದೀಪಾವಳಿ ಆದ ಮೇಲೆ ಕೊಡುತ್ತೇನೆ ಅಂದಿದ್ದೇನೆ. ದೂರದ ಅಣ್ಣ, ಫೋಟೋ ನಾಳೆ ಹಾಕುತ್ತೇನೆ, ಇವತ್ತು ಮೋಡ ಇದೆ.